ಕೋಲಾದ ಮೇಲೆ ತಪ್ಪು ಆರೋಪ



ಕೋಲಾ ಬಾಟಲಿಯನ್ನು ಕಮೋಡಿಗೆ ಬಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ, ‘ನೋಡಿ, ನಿಮ್ಮ ಮಕ್ಕಳು ಕುಡಿಯುತ್ತಿರುವುದು ಇದನ್ನೇ’ ಎಂದು ಹೆದರಿಸುವ ವಿಡಿಯೊ ವಾಟ್ಸ್‌ಆ್ಯಪ್ ಇಟ್ಟುಕೊಂಡವರಿಗೆಲ್ಲ ಒಮ್ಮೆಯಾದರೂ ಬಂದಿರುತ್ತದೆ. ಶಾಲೆಗಳಲ್ಲಿ ಆರೋಗ್ಯ ಜಾಗೃತಿಯ ಹೆಸರಿನಲ್ಲಿ ನಡೆಯುವ ಭಾಷಣಗಳಿಗೂ ಈ ವಾದ ನುಸುಳಿದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಅವರು ಕೈಗೆತ್ತಿಕೊಂಡ ಅಸ್ತ್ರ ಮೊಂಡು, ಅದರ ಲಾಭ ಹೋಗುತ್ತಿರುವುದು ಕಂಪನಿಗಳಿಗೆ.

ಕೋಲಾ ಕಲೆ ತೆಗೆಯುತ್ತದೆ ಎಂಬುದೇನೂ ಸುಳ್ಳಲ್ಲ. ಅದರಲ್ಲಿ ಫಾಸ್ಫಾರಿಕ್ ಆಮ್ಲವಿದೆ; ಪಿಎಚ್ ಸುಮಾರು 2.5. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಕಮೋಡಿನ ಒಳಗೆ, ನಲ್ಲಿಯ ಬಾಯಲ್ಲಿ ಬೆಳ್ಳಗೆ ಗಟ್ಟಿಕಟ್ಟುವ ಸುಣ್ಣ ಆಮ್ಲ ತಾಗಿದರೆ ಕರಗುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ರಾತ್ರಿ ಕೋಲಾದಲ್ಲಿ ನೆನೆಹಾಕಿದರೆ ಬೆಳಿಗ್ಗೆಗೆ ಕೆಂಪು ಪದರ ಸಡಿಲವಾಗಿರುತ್ತದೆ, ಹಳೆಯ ಬಟ್ಟೆಯಲ್ಲಿ ಒರೆಸಿದರೆ ಕೆಳಗಿನ ಬೂದು ಬಣ್ಣದ ಕಬ್ಬಿಣ ಇಣುಕುತ್ತದೆ. ಬ್ಯಾಟರಿ ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿಗೂ ಇದೇ ಮದ್ದು. ಇನ್ನೂ ಸೋಜಿಗವೆಂದರೆ, ವೈದ್ಯರೂ ಇದನ್ನು ಬಳಸಿದ್ದಾರೆ. ಹಣ್ಣು-ತರಕಾರಿಯ ನಾರು ಜೀರ್ಣವಾಗದೆ ಹೊಟ್ಟೆಯಲ್ಲಿ ಉಂಡೆ ಕಟ್ಟಿಕೊಂಡ ರೋಗಿಗಳಿಗೆ ಕೋಲಾ ಕೊಟ್ಟು ಉಂಡೆಯನ್ನು ಕರಗಿಸಿದ ಪ್ರಕರಣಗಳಿವೆ. 2013ರಲ್ಲಿ ಪ್ರಕಟವಾದ ವೈದ್ಯಕೀಯ ಸಮೀಕ್ಷೆಯೊಂದು ಇಂಥ 46 ರೋಗಿಗಳ ವಿವರ ಕಲೆಹಾಕಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೋಲಾ ಒಂದೇ ಸಾಕಾಗಿತ್ತು.

ಹಾಗೆಂದು ಇದು ಉತ್ತಮ ಕ್ಲೀನರ್ ಏನಲ್ಲ. ಅಂಗಡಿಯ ನಿಂಬೆಉಪ್ಪು ಇದಕ್ಕಿಂತ ಅಗ್ಗ, ಕೆಲಸವೂ ಚುರುಕು, ಇರುವೆ ಮುತ್ತುವ ಕಾಟವೂ ಇಲ್ಲ. ಒಂದು ಎಚ್ಚರ ಮಾತ್ರ ಬೇಕು: ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ನಿಂಬೆಉಪ್ಪಾಗಲಿ ಕೋಲಾ ಆಗಲಿ, ಯಾವ ಆಮ್ಲವನ್ನೂ ಸುರಿಯಬಾರದು. ಏಳುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯ. ವಿಡಿಯೊ ಮಾಡುವವರು ಇದನ್ನು ಹೇಳುವುದೇ ಇಲ್ಲ.

ಹಬ್ಬದ ಮುಂಚೆ ಹಿತ್ತಾಳೆ ದೀಪಕ್ಕೂ ತಾಮ್ರದ ಚೊಂಬಿಗೂ ಹುಣಸೆಹಣ್ಣು ತಿಕ್ಕುವ ಮನೆಯಲ್ಲೇ ಅದೇ ಹುಣಸೆಯ ಸಾರು ಊಟದ ಎಲೆಗೆ ಬೀಳುತ್ತದೆ. ನಿಂಬೆರಸದ ಪಿಎಚ್ ಕೋಲಾದ ಆಸುಪಾಸಿನದು, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ. ಕಲೆ ತೆಗೆಯುವುದನ್ನೆಲ್ಲ ಬಾಯಿಗೆ ಹಾಕಬಾರದು ಎಂದರೆ ಚಿತ್ರಾನ್ನವನ್ನೂ ಬಿಡಬೇಕಾದೀತು. ಆಮ್ಲ-ಪ್ರತ್ಯಾಮ್ಲದ ಪಾಠ ಕಲಿತ ಹುಡುಗಿಯೊಬ್ಬಳು ಎದ್ದುನಿಂತು ಇಷ್ಟು ಕೇಳಿದರೆ ಭಾಷಣ ಅಲ್ಲಿಗೇ ಬಿದ್ದುಹೋಗುತ್ತದೆ. ಅದರ ಜೊತೆಗೆ, ಭಾಷಣಕಾರರು ಹೇಳಬೇಕಿದ್ದ ನಿಜವೂ.

ಉತ್ಪ್ರೇಕ್ಷೆಯಿಂದ ನಿಜ ಹಾಳಾದದ್ದು ಇದೇ ಮೊದಲಲ್ಲ. 1950ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೆ ಅಮೆರಿಕದ ಸಂಸತ್ ಸಮಿತಿಯ ಮುಂದೆ, ಕೋಲಾದಲ್ಲಿಟ್ಟ ಹಲ್ಲು ಮೆದುವಾಗುತ್ತದೆ ಎಂದು ಹೇಳಿದ್ದರು. ಜನರ ಬಾಯಿಗೆ ಬಿದ್ದ ಮೇಲೆ ಅದು ‘ಹಲ್ಲು ಒಂದೇ ರಾತ್ರಿಯಲ್ಲಿ ಕರಗಿ ಮಾಯ’ ಎಂದಾಯಿತು. ಹಲ್ಲನ್ನು ಹಾಗೆ ಯಾರೂ ಕೋಲಾದಲ್ಲಿ ನೆನೆಹಾಕಿ ಕೂರುವುದಿಲ್ಲವಲ್ಲ! ನಿಜವಾದ ತೊಂದರೆ ಬೇರೆ. ಬಾಯೊಳಗಿನ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಸವೆಯತೊಡಗುತ್ತದೆ. ಸಿನಿಮಾ ಮುಗಿಯುವವರೆಗೂ ಗುಟುಕು ಗುಟುಕಾಗಿ ಹೀರುತ್ತ ಕೂತರೆ ಜೊಲ್ಲಿಗೆ ಅದನ್ನು ಸರಿಪಡಿಸಲು ಬಿಡುವೇ ಸಿಗುವುದಿಲ್ಲ.

ಆದರೂ ಮುಖ್ಯ ಆರೋಪಿ ಆಮ್ಲವಲ್ಲ, ಸಕ್ಕರೆ. ಅದರ ಸುಳಿವು ಭತ್ತದ ಗದ್ದೆಯಲ್ಲೂ ಸಿಕ್ಕಿತ್ತು. 2004ರಲ್ಲಿ ಛತ್ತೀಸಗಡದ ದುರ್ಗ, ರಾಜನಂದಗಾಂವ್ ಕಡೆಯ ಭತ್ತದ ರೈತರು ಕೀಟನಾಶಕದ ಬದಲು ಕೋಲಾ ಸಿಂಪಡಿಸುತ್ತಿದ್ದಾರೆಂಬ ಸುದ್ದಿ ದೇಶವಿದೇಶಗಳಲ್ಲಿ ಹರಡಿತು. ಪಾನೀಯಗಳಲ್ಲಿ ಕೀಟನಾಶಕದ ಅಂಶವಿದೆ ಎಂದು ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಹಿಂದಿನ ವರ್ಷವಷ್ಟೇ ವರದಿ ಮಾಡಿದ್ದರಿಂದ ಜನ ಎರಡನ್ನೂ ಗಂಟುಹಾಕಿ ನಕ್ಕರು. ಕೃಷಿ ತಜ್ಞರು ಕೊಟ್ಟ ಕಾರಣ ಮಾತ್ರ ಸರಳವಾಗಿತ್ತು: ಸಿಹಿಗೆ ಇರುವೆಗಳು ಬರುತ್ತವೆ, ಬಂದ ಇರುವೆಗಳು ಹುಳುವಿನ ಮರಿಗಳನ್ನು ತಿನ್ನುತ್ತವೆ.

ಅಷ್ಟು ಸಿಹಿ ಎಲ್ಲಿಂದ ಬಂತು ಎಂದು ಬಾಟಲಿಯನ್ನು ತಿರುಗಿಸಿ, ಕಣ್ಣು ಕಿರಿದು ಮಾಡಿ ಹಿಂಬದಿ ಓದಿದರೆ ಗೊತ್ತಾಗುತ್ತದೆ: 100 ಮಿ.ಲೀ.ಗೆ ಹತ್ತರಿಂದ ಹನ್ನೊಂದು ಗ್ರಾಂ ಸಕ್ಕರೆ. 300 ಮಿ.ಲೀ. ಕುಡಿದರೆ 30 ಗ್ರಾಂ ದಾಟಿತು, ಅಂದರೆ ಆರೇಳು ಚಮಚ. ಹೊರಗಿನಿಂದ ಸೇರುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ಮೀರಿದೆ. ಕಮೋಡಿನ ಕಥೆಯ ದೊಡ್ಡ ದೋಷವೂ ಇಲ್ಲೇ ಇದೆ. ಲೇಬಲ್ ಮೇಲೆ ಮಾವಿನಹಣ್ಣಿನ ಚಿತ್ರ ಹೊತ್ತ ಪಾನೀಯವನ್ನು ಸುರಿದು ಯಾರೂ ಕಮೋಡ್ ತೊಳೆಯುವುದಿಲ್ಲ. ಆದ್ದರಿಂದ ಅದು ಸಾಧು ಎನಿಸಿಕೊಳ್ಳುತ್ತದೆ. ಸಕ್ಕರೆಯಲ್ಲಿ ಅದು ಕೋಲಾಕ್ಕೇನೂ ಕಡಿಮೆಯಿಲ್ಲ. ಕೋಲಾ ಬೇಡವೆಂದ ತಾಯಂದಿರೇ ಅದನ್ನು ಮಗುವಿನ ಬ್ಯಾಗಿಗೆ ಹಾಕಿ ಕಳಿಸುತ್ತಾರೆ.

ಸಕ್ಕರೆ, ಕೊಬ್ಬು, ಉಪ್ಪು ಅತಿಯಾಗಿರುವ ತಿನಿಸು-ಪಾನೀಯಗಳನ್ನು ಶಾಲೆಯಲ್ಲಿ ಮತ್ತು ಶಾಲೆಯಿಂದ 50 ಮೀಟರ್ ಒಳಗೆ ಮಾರುವಂತಿಲ್ಲ ಎಂಬ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2020ರದು. ಶಾಲೆಯ ಗೇಟಿನೆದುರಿನ ಅಂಗಡಿಯ ಫ್ರಿಜ್ ನೋಡಿದರೆ ಅದರ ಪಾಲನೆ ಹೇಗಿದೆ ಎಂದು ಬೇರೆ ಹೇಳಬೇಕಿಲ್ಲ. ಜಾಗೃತಿ ಭಾಷಣಕ್ಕೆ ಬರುವವರು ಮೊದಲು ಟೇಪ್ ಹಿಡಿದು ಆ ಅಂಗಡಿಯವರೆಗೆ ಅಳೆದು, ಆಮೇಲೆ ಮಕ್ಕಳೆದುರು ಏಳು ಚಮಚ ಸಕ್ಕರೆಯನ್ನು ಗಾಜಿನ ಲೋಟಕ್ಕೆ ಸುರಿದು ತೋರಿಸಲಿ.

ಇನ್ನು ಲೇಬಲ್. ಚಿಲಿ ದೇಶದಲ್ಲಿ ಸಕ್ಕರೆ ಮಿತಿಮೀರಿದ ಪೊಟ್ಟಣ-ಬಾಟಲಿಗಳ ಮುಂಭಾಗದಲ್ಲೇ 2016ರಿಂದ ಕಪ್ಪು ಎಂಟುಮೂಲೆಯ ಎಚ್ಚರಿಕೆ ಮುದ್ರೆ ಕಡ್ಡಾಯ. ನಮ್ಮ ಪ್ರಾಧಿಕಾರ 2022ರ ಕರಡಿನಲ್ಲಿ ಸೂಚಿಸಿದ್ದು ಅರ್ಧದಿಂದ ಐದರವರೆಗಿನ ನಕ್ಷತ್ರಗಳನ್ನು. ಮೇಷ್ಟರು ನೋಟ್‌ಬುಕ್ಕಿನಲ್ಲಿ ಹಾಕುವ ನಕ್ಷತ್ರದಂತೆ, ಒಂದೇ ಇದ್ದರೂ ಅದು ಮೆಚ್ಚುಗೆಯಾಗಿಯೇ ಕಾಣುತ್ತದೆ. ‘ಸಕ್ಕರೆ ಹೆಚ್ಚು’ ಎಂಬ ಎರಡು ಪದವನ್ನು ಬಾಟಲಿಯ ಮುಂಭಾಗದಲ್ಲಿ, ಬ್ರ್ಯಾಂಡಿನ ಹೆಸರಿನ ಪಕ್ಕದಲ್ಲೇ, ಕನ್ನಡದಲ್ಲೂ ಅಚ್ಚು ಹಾಕಿಸುವಂತೆ ರಾಜ್ಯದ ಆರೋಗ್ಯ ಇಲಾಖೆ ಪ್ರಾಧಿಕಾರವನ್ನು ಒತ್ತಾಯಿಸಬೇಕು.

ಇಂತಿ,
ಮೈಸೂರಿನ ಓದುಗರೊಬ್ಬರು