ಡಬ್ಬದ ಮೇಲಿನ ಹರ್ಟ್ಸು, ಪರದೆ ಮೇಲೆ ಕಲೆಸಿದ ಅಕ್ಷರ

ನೇರವಾಗಿ ಹೇಳಿಬಿಡ್ತೀನಿ. ಟಿವಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರ್ತಾರಲ್ಲ, ಮೋಷನ್ ಇಷ್ಟು ಅಂತ... 240, 800, 960... ಆ ಸಂಖ್ಯೆ ನೋಡಿ ದುಡ್ಡು ಕೊಡಬೇಡಿ. ಅದು ಪರದೆಯ ವೇಗ ಅಲ್ಲ, ಕಂಪನಿ ತನಗೆ ತಾನೇ ಹಾಕಿಕೊಂಡ ಮಾರ್ಕ್ಸು. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ.

ಈ ಚಾಳಿ ಹೊಸದೇನಲ್ಲ. ಪ್ಲಾಸ್ಮಾ ಟಿವಿಗಳ ಕಾಲದಲ್ಲಿ '600 ಹರ್ಟ್ಸ್' ಅಂತ ಬರೀತಿದ್ರು. ಸೆಕೆಂಡಿಗೆ 60 ಚಿತ್ರ, ಒಂದೊಂದು ಚಿತ್ರವನ್ನೂ 10 ಸಣ್ಣ ಮಿನುಗುಗಳಾಗಿ ಒಡೆದು ತೋರಿಸೋದು, 60 ಗುಣಿಸು 10... ಆಯ್ತಲ್ಲ 600! ಹೊಸ ಚಿತ್ರ ಬರ್ತಿದ್ದದ್ದು ಮಾತ್ರ ಅದೇ 60. ಹಾಗಂತ ಪ್ಲಾಸ್ಮಾ ಕೆಟ್ಟದಾಗಿರಲಿಲ್ಲ, ಓಟದ ದೃಶ್ಯಗಳಲ್ಲಿ ಅಂದಿನ ಎಲ್‌ಸಿಡಿಗಿಂತ ಎಷ್ಟೋ ವಾಸಿ. ಆದರೆ ಪ್ಯಾನಾಸೋನಿಕ್ 2013ರಲ್ಲೇ ಅದನ್ನು ನಿಲ್ಲಿಸಿತು, ಉಳಿದವರೂ ಹಿಂದೆಯೇ ಕೈಬಿಟ್ಟರು.

ಈಗ ವಿಷಯದ ಬುಡಕ್ಕೆ ಬರೋಣ. ಹಳೇ ಡಬ್ಬಾ ಟಿವಿ, ಅಂದರೆ ಸಿಆರ್‌ಟಿ, ಹೇಗೆ ಕೆಲಸ ಮಾಡ್ತಿತ್ತು? ಎಲೆಕ್ಟ್ರಾನ್ ಕಿರಣ ಪರದೆ ಮೇಲೆ ಗೆರೆ ಎಳೀತಾ ಹೋಗೋದು. ಕಿರಣ ಬಿದ್ದ ಜಾಗ ಕ್ಷಣಮಾತ್ರ ಬೆಳಗಿ ಆರಿ ಹೋಗೋದು. ಮುಂದಿನ ಸರದಿ ಬರೋವರೆಗೆ ಆ ಜಾಗ ಹೆಚ್ಚು ಹೊತ್ತು ಕತ್ತಲೆಯೇ. ನಮ್ಮ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಸಲ, ಒಮ್ಮೆ ಬೆಸ ಗೆರೆ, ಒಮ್ಮೆ ಸರಿ ಗೆರೆ. ಮಿನುಗ್ತಿತ್ತು, ಭಾರ ಇತ್ತು, ಕರೆಂಟು ತಿನ್ನೋದು, ಎಲ್ಲಾ ನಿಜ. ಆದರೆ ಓಡೋ ಚೆಂಡನ್ನು ಚೆಂಡಾಗೇ ತೋರಿಸ್ತಿತ್ತು.

ಎಲ್‌ಸಿಡಿ ಹಾಗಲ್ಲ. (ಅಂಗಡಿಯಲ್ಲಿ 'ಎಲ್‌ಇಡಿ ಟಿವಿ' ಅಂತ ಮಾರೋದೂ ಎಲ್‌ಸಿಡಿಯೇ, ಹಿಂದಿನ ದೀಪ ಮಾತ್ರ ಎಲ್‌ಇಡಿ.) ಅದು ಒಂದು ಚಿತ್ರ ಹಾಕಿದರೆ ಮುಂದಿನದು ಬರೋವರೆಗೂ ಅದನ್ನೇ ಹಿಡಿದುಕೊಂಡು ನಿಂತಿರುತ್ತೆ. ನಮ್ಮ ಕಣ್ಣು ನಿಲ್ಲಲ್ಲ. ಚೆಂಡು ಬೌಂಡರಿ ಕಡೆ ಓಡ್ತಿದೆ ಅಂದ್ರೆ ಕಣ್ಣೂ ಅದರ ಹಿಂದೆ ನುಣ್ಣಗೆ ಜಾರುತ್ತೆ. ಕಣ್ಣು ಜಾರ್ತಾ ಇದೆ, ಚಿತ್ರ ನಿಂತೇ ಇದೆ... ಅಷ್ಟೂ ಹೊತ್ತು ಅದು ಕಣ್ಣಿನೊಳಗೆ ಒರೆಸಿಕೊಂಡು ಹೋಗುತ್ತೆ. ಮಸುಕು ಹುಟ್ಟೋದು ಇಲ್ಲೇ.

ಎಲ್‌ಸಿಡಿಗೆ ಇನ್ನೊಂದು ರೋಗವೂ ಇದೆ. ದ್ರವಹರಳು ತಿರುಗಿ ಹೊಸ ಬಣ್ಣಕ್ಕೆ ಬರೋಕೆ ಕೆಲವು ಮಿಲಿಸೆಕೆಂಡು ಬೇಕು, ಹಾಗಾಗಿ ಹಿಂದಿನ ಚಿತ್ರದ ಬಾಲ ಉಳಿಯುತ್ತೆ. ಓಎಲ್‌ಇಡಿಯಲ್ಲಿ ಈ ಬಾಲ ಇಲ್ಲ, ಅದು ಬಣ್ಣ ಬದಲಿಸೋಕೆ ಒಂದು ಮಿಲಿಸೆಕೆಂಡೂ ತಗೊಳ್ಳಲ್ಲ. ಆದರೆ ಚಿತ್ರ ಹಿಡಿದುಕೊಂಡು ನಿಲ್ಲೋ ಮೊದಲ ರೋಗ ಅದಕ್ಕೂ ಇದೆ. 'ಓಎಲ್‌ಇಡಿ ತಗೊಳ್ಳಿ ಸಾರ್, ಬ್ಲರ್ರೇ ಇರಲ್ಲ' ಅನ್ನೋರು ಅರ್ಧ ಸತ್ಯ ಹೇಳ್ತಿದಾರೆ.

ಇದರಿಂದ ನಮಗೇನು ಅಂತೀರಾ? ಕನ್ನಡ ನ್ಯೂಸ್ ಚಾನೆಲ್ ಹಾಕಿ, ಕೆಳಗೆ ಓಡೋ ಪಟ್ಟಿ ನೋಡಿ. ಒಂದು ಅಕ್ಷರ ಬಲ ತುದಿಯಿಂದ ಎಡ ತುದಿಗೆ 4 ಸೆಕೆಂಡಿನಲ್ಲಿ ಬಂತು ಅಂದುಕೊಳ್ಳಿ. ಪರದೆಯ ಅಗಲ 1920 ಪಿಕ್ಸೆಲ್, ಅಂದ್ರೆ ಸೆಕೆಂಡಿಗೆ 480. ಸೆಕೆಂಡಿಗೆ 50 ಚಿತ್ರ ಅಂದ್ರೆ ಒಂದೊಂದು ಚಿತ್ರಕ್ಕೆ ಹತ್ತಿರ ಹತ್ತಿರ 10 ಪಿಕ್ಸೆಲ್. ಕಣ್ಣಿಗೆ ಬೀಳೋ ಮಸುಕೂ ಅಷ್ಟೇ ಅಗಲ. ಮಸುಕು ಅಡ್ಡಡ್ಡ ಹರಡೋದರಿಂದ ಮೊದಲು ಅಳಿಸಿ ಹೋಗೋದು ಉದ್ದುದ್ದ ಇರೋ ಸಣ್ಣ ಗೆರೆಗಳು. ಕನ್ನಡದಲ್ಲಿ ಅಂಥ ಗೆರೆ ಯಾವುದು? ಪ-ಫ, ದ-ಧ, ಬ-ಭ... ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಸೀಳು! ಅದರ ಕೆಳಗೆ ಇನ್ನೂ ಚಿಕ್ಕ ಗಾತ್ರದಲ್ಲಿ ಒತ್ತಕ್ಷರ.

ನಮ್ಮಮ್ಮನಿಗೆ 70 ದಾಟಿದೆ. ಹೊಸ ಟಿವಿ ಬಂದಮೇಲೆ ಕೆಳಗಿನ ಸಾಲು ಓದೋಕಾಗ್ತಿಲ್ಲ, ನನ್ನ ಕಣ್ಣೇ ಹೋಯ್ತು ಕಣೋ ಅಂತ ಒಂದೇ ಸಮ ಕೊರಗು. ಕನ್ನಡಕ ಬದಲಾಯಿಸಿದ್ದಾಯ್ತು. ಪೇಪರ್ ಸಲೀಸಾಗಿ ಓದ್ತಾರೆ, ಟಿವಿಯಲ್ಲಿ ನಿಂತಿರೋ ಅಕ್ಷರವನ್ನೂ ಓದ್ತಾರೆ. ಓಡೋದು ಮಾತ್ರ ಆಗಲ್ಲ. ನನಗೆ ಸಿಟ್ಟು ಬರೋದು ಇಲ್ಲೇ ನೋಡಿ. ಯಂತ್ರದ ಕೊರತೆಯನ್ನು ವಯಸ್ಸಾದವರು ತಮ್ಮ ಮೈಮೇಲೆ ಹಾಕಿಕೊಳ್ತಾರೆ.

'4ಕೆ ತಗೊಂಡ್ರೆ ಸರಿಹೋಗುತ್ತೆ' ಅಂತ ಹೇಳೋ ಗೆಳೆಯರಿದ್ದಾರೆ. 4ಕೆ ಪರದೆಯಲ್ಲಿ ಅದೇ ಪಟ್ಟಿ ಅದೇ ವೇಗದಲ್ಲಿ ಓಡಿದರೆ ಮಸುಕು ಸುಮಾರು 19 ಪಿಕ್ಸೆಲ್. ಪಿಕ್ಸೆಲ್ ಸಣ್ಣದಾಯ್ತು, ಮಸುಕು ಅಷ್ಟೇ ಅಗಲ ಉಳೀತು. ನಾಲ್ಕು ಪಟ್ಟು ಪಿಕ್ಸೆಲ್ಲಿನ ಲಾಭ ನಿಂತ ಚಿತ್ರಕ್ಕೆ ಮಾತ್ರ.

ಇನ್ನು ಕೆಲವರು, 'ಪ್ಯಾನೆಲ್ಲೇ ನಿಜವಾದ 120 ಹರ್ಟ್ಸ್ ಇದ್ರೆ?' ಅಂತಾರೆ. ಒಳ್ಳೇದೇ. ಗೇಮ್ ಆಡೋರಿಗೆ ಬೇಕು. ಸೆಕೆಂಡಿಗೆ 24 ಫ್ರೇಮಿನ ಸಿನಿಮಾ ಅದರಲ್ಲಿ ಸರಿಯಾಗಿ ಐದೈದು ಸಲ ಕೂರುತ್ತೆ. ಆದರೆ ಬರೋದೇ 50 ಚಿತ್ರ ಆದರೆ, 120ರ ಪ್ಯಾನೆಲ್ ಅದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತೆ ಅಷ್ಟೇ. ಮಸುಕು ಇದ್ದಲ್ಲೇ ಇರುತ್ತೆ.

ಅದಕ್ಕೇ ಕಂಪನಿಗಳು ನಡುನಡುವೆ ಸುಳ್ಳು ಫ್ರೇಮ್ ಹೆಣೆದು ತುರುಕೋದು. ಒಬ್ಬರು ಟ್ರೂಮೋಷನ್ ಅಂತಾರೆ, ಒಬ್ಬರು ಮೋಷನ್‌ಫ್ಲೋ ಅಂತಾರೆ. 140 ಕಿ.ಮೀ. ವೇಗದ ಚೆಂಡು ಸೆಕೆಂಡಿನ 50ನೇ ಒಂದು ಭಾಗದಲ್ಲಿ 78 ಸೆಂಟಿಮೀಟರ್ ದಾಟುತ್ತೆ. ನಡುವೆ ಅದು ಎಲ್ಲೆಲ್ಲಿತ್ತು ಅಂತ ಆ ಎರಡು ಚಿತ್ರಗಳಲ್ಲಿ ಇಲ್ಲ, ಟಿವಿ ಊಹೆ ಮಾಡುತ್ತೆ. ಊಹೆ ತಪ್ಪಿದಾಗ ಚೆಂಡು ಮಾಯ, ಬ್ಯಾಟಿಗೆ ಎರಡು ಅಂಚು. ಸಿನಿಮಾ ಆದರೆ ಧಾರಾವಾಹಿ ಥರ ಕಾಣುತ್ತೆ. ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ 2018ರಲ್ಲಿ ಇದನ್ನು ಆಫ್ ಮಾಡಿ ಅಂತ ವೀಡಿಯೋ ಮಾಡಿ ಬೇಡಿಕೊಂಡರು. 2019ರಲ್ಲಿ 'ಫಿಲ್ಮ್‌ಮೇಕರ್ ಮೋಡ್' ಘೋಷಣೆ ಆಯ್ತು. ಇಷ್ಟಾದರೂ ಎಷ್ಟೋ ಟಿವಿಗಳಲ್ಲಿ ಡಬ್ಬ ತೆಗೆದಾಗ ಇದು ಆನ್ ಆಗೇ ಇರುತ್ತೆ. ಇನ್ನೊಂದು ದಾರಿ ಚಿತ್ರಗಳ ಮಧ್ಯೆ ಕಪ್ಪು ತುಂಬೋದು, ಸಿಆರ್‌ಟಿಯ ಕತ್ತಲೆಯ ಹಾಗೆ. ಇದು ಪ್ರಾಮಾಣಿಕ ಉಪಾಯ, ಮಸುಕು ನಿಜಕ್ಕೂ ಇಳಿಯುತ್ತೆ. ಆದರೆ ಬೆಳಕೂ ಇಳಿಯುತ್ತೆ, ಮಿನುಗೂ ಬರುತ್ತೆ. ಅಂಗಡಿಯ ಝಗಝಗ ಬೆಳಕಲ್ಲಿ ಮಂಕಾಗಿ ಕಾಣೋ ಟಿವಿಯನ್ನ ಯಾರು ಮಾರ್ತಾರೆ ಹೇಳಿ?

ನೀವೇ ಪರೀಕ್ಷೆ ಮಾಡಿ ನೋಡಿ. ಓಡೋ ಪಟ್ಟಿಯನ್ನ ಮೊಬೈಲಿನಲ್ಲಿ ಕೈ ಅಲುಗಿಸದೆ, ಶಟರ್ ವೇಗ ಹೆಚ್ಚಿಟ್ಟು ಫೋಟೋ ತೆಗೀರಿ. ಫೋಟೋದಲ್ಲಿ ಅಕ್ಷರಕ್ಕೆ ಬಾಲ ಇದ್ರೆ ಪ್ಯಾನೆಲ್ ನಿಧಾನ. ಫೋಟೋ ಸ್ಪಷ್ಟ, ಕಣ್ಣಿಗೆ ಮಾತ್ರ ಮಸುಕು ಅಂದ್ರೆ ಚಿತ್ರ ಹಿಡಿದು ನಿಲ್ಲಿಸೋ ದೋಷ. ಸೆಟ್‌ಟಾಪ್ ಬಾಕ್ಸ್ 60 ಹರ್ಟ್ಸಿಗೆ ಇಟ್ಟಿದ್ರೆ 50ಕ್ಕೆ ಬದಲಾಯಿಸಿ. ಇಲ್ಲದಿದ್ರೆ ಪ್ರತಿ ಐದು ಚಿತ್ರಕ್ಕೆ ಒಂದು ಎರಡು ಸಲ ಬಂದು ಕುಲುಕಾಡುತ್ತೆ.

ಕಂಪನಿಗಳು ನಮ್ಮ ಮಾತು ಯಾವಾಗ ಕೇಳ್ತಾವೋ ಗೊತ್ತಿಲ್ಲ. ಆದರೆ ಕನ್ನಡ ಚಾನೆಲ್‌ನೋರು ಇವತ್ತೇ ಮಾಡಬಹುದಾದ, ಒಂದು ಪೈಸೆ ಖರ್ಚಿಲ್ಲದ ಕೆಲಸ ಇದೆ. ಪಟ್ಟಿಯ ವೇಗ ಅರ್ಧ ಮಾಡಿ, ಮಸುಕೂ ಅರ್ಧ ಆಗುತ್ತೆ. ಇನ್ನೂ ಒಳ್ಳೇದು ಅಂದ್ರೆ ಓಡಿಸೋದೇ ಬಿಡಿ. ಒಂದು ಸಾಲು ನಿಲ್ಲಿಸಿ, ಓದೋಕೆ ಬಿಡಿ, ಆಮೇಲೆ ಇನ್ನೊಂದು ಸಾಲು. ಸುದ್ದಿಗೇನು ಅಷ್ಟು ಅವಸರ? ಓದೋಕಾಗದ ಸುದ್ದಿ ಎಷ್ಟು ಬೇಗ ಬಂದರೇನು, ಬಿಟ್ಟರೇನು!

ನೀವೂ ನಿಮ್ಮ ನಿಮ್ಮ ಮನೆ ಟಿವಿಯಲ್ಲಿ ಬ-ಭ ಗುರುತು ಹಿಡಿಯೋಕಾಗುತ್ತಾ ನೋಡಿ. ಆಗದಿದ್ರೆ ಚಾನೆಲ್‌ನೋರಿಗೆ ಎರಡು ಸಾಲು ಬರೀರಿ, ನಿಮ್ಮ ಬ್ಲಾಗಲ್ಲೂ ಹಾಕಿ. ನಾನಂತೂ ಬರೆದು ಕಳಿಸಿದೀನಿ :-)