ಬಸ್ಸಿಗೆ ಹೊರಟವರೂ ನಮ್ಮ ಕ್ಯಾಂಪಸ್ಸಿನವರೇ

ಸೆಪ್ಟೆಂಬರ್ 15ಕ್ಕೆ ಇಂಜಿನಿಯರ್ಸ್ ಡೇ, ನವೆಂಬರ್ 1ಕ್ಕೆ ರಾಜ್ಯೋತ್ಸವ, ಫೆಬ್ರವರಿ 28ಕ್ಕೆ ವಿಜ್ಞಾನ ದಿನ, ಆಮೇಲೆ ಟೆಕ್ ಫೆಸ್ಟು, ಕಲ್ಚರಲ್ ಫೆಸ್ಟು, ಕೊನೆಗೆ ಫೇರ್‌ವೆಲ್ಲು. ನಡುನಡುವೆ ಇಂಟರ್ನಲ್ಸ್ ಬಿಡುವು ಕೊಟ್ಟಾಗ ಒಂದು ಹ್ಯಾಕಥಾನು, ಎರಡು ವರ್ಕ್‌ಶಾಪು. ಇದು ನಮ್ಮ ಕ್ಯಾಂಪಸ್ಸಿನ ಪಂಚಾಂಗ. ಪ್ರತಿ ಕಾರ್ಯಕ್ರಮಕ್ಕೂ ಒಂದು ಪೋಸ್ಟರು, ಪೋಸ್ಟರಿಗೊಂದು ಕ್ಯೂಆರ್ ಕೋಡು, ಮುಗಿದ ಮೇಲೆ ವೇದಿಕೆ ಮೇಲೆ ಸಾಲಾಗಿ ನಿಂತವರ ಒಂದು ಫೋಟೋ. ಮಾರನೇ ದಿನ ಗ್ರೂಪಿಗೆ ಬರೋ ಸುದ್ದಿ ಯಾವಾಗ್ಲೂ ಒಂದೇ: ಕಾರ್ಯಕ್ರಮ ಯಶಸ್ವಿಯಾಗಿ ನೆರವೇರಿತು.

ಈ 'ಯಶಸ್ವಿ' ಅನ್ನೋ ಪದದ ಬಗ್ಗೆ ನನಗೊಂದು ತಕರಾರಿದೆ. ಮೈಕು ಕೈಕೊಡಲಿಲ್ಲ, ಅತಿಥಿಗಳು ಬೇಜಾರು ಮಾಡ್ಕೊಳ್ಳಲಿಲ್ಲ, ಊಟ ಸಾಕಾಯ್ತು ಅಂದ್ರೆ ನಮಗದು ಯಶಸ್ಸು. ಯಾರು ಬಂದಿದ್ರು ಅಂತ ಲೆಕ್ಕ ಹಾಕ್ತೀವಿ. ಯಾರು ಬರೋಕೆ ಆಗ್ಲಿಲ್ಲ ಅಂತ ಯಾವತ್ತಾದ್ರೂ ಲೆಕ್ಕ ಹಾಕಿದ್ದೀವಾ?

ಹಾಕೋದೇನು ಕಷ್ಟ ಇಲ್ಲ. ಸಂಜೆ ನಾಲ್ಕೂವರೆಗೆ ಸೆಮಿನಾರ್ ಹಾಲಿನಲ್ಲಿ ದೀಪ ಬೆಳಗೋ ಹೊತ್ತಿಗೆ ಗೇಟಿನ ಹತ್ರ ಒಂದು ಐದು ನಿಮಿಷ ನಿಂತ್ಕೊಳ್ಳಿ. ಹೆಗಲಿಗೆ ಬ್ಯಾಗು, ಕೈಯಲ್ಲಿ ಡ್ರಾಯಿಂಗ್ ಶೀಟಿನ ಸುರುಳಿ ಹಿಡ್ಕೊಂಡು ಹೈವೇ ಕಡೆ ಹೆಜ್ಜೆ ಹಾಕೋರನ್ನ ನೋಡಿ. ಅವರು ಆಸಕ್ತಿ ಇಲ್ಲದವರಲ್ಲ, ಬಸ್ಸಿರುವವರು.

ಹಿರೇಹಳ್ಳಿ ಸುತ್ತಮುತ್ತ ಓದೋರಿಗೆ ಈ ಭೂಗೋಳ ಬಿಡಿಸಿ ಹೇಳಬೇಕಾಗಿಲ್ಲ. ತುಮಕೂರಿಂದ ಬೆಂಗಳೂರಿನ ಕಡೆ ಹತ್ತು ಹನ್ನೆರಡು ಕಿಲೋಮೀಟರು, ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48, ಸಣ್ಣದೊಂದು ರೈಲ್ವೆ ಸ್ಟೇಷನ್ನು, ಒಂದು ಕೈಗಾರಿಕಾ ಪ್ರದೇಶ. ಮ್ಯಾಪಿನಲ್ಲಿ ನೋಡಿದ್ರೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ. ಆದ್ರೆ ಗುಬ್ಬಿ ತಾಲ್ಲೂಕಿನ ಒಳಹಳ್ಳಿಯ ಹುಡುಗ ಮೊದಲು ಗುಬ್ಬಿಗೆ ಬರ್ಬೇಕು, ಅಲ್ಲಿಂದ ತುಮಕೂರಿಗೆ, ತುಮಕೂರಿಂದ ಇಲ್ಲಿಗೆ. ಹೊತ್ತಿಗೆ ಸರಿಯಾದ ರೈಲು ಸಿಕ್ರೆ ಪುಣ್ಯ. ಕುಣಿಗಲ್ಲಿನವರದ್ದು ಇನ್ನೊಂದು ಕಥೆ. 2017ರಲ್ಲಿ ಕುಣಿಗಲ್ಲಿಗೆ ಬೆಂಗಳೂರಿನ ರೈಲು ಬಂತು, ಸಂತೋಷ. ಆದ್ರೆ ಆ ಹಳಿ ನೆಲಮಂಗಲದ ಕಡೆ ಹೋಗುತ್ತೆ, ತುಮಕೂರನ್ನ ಮುಟ್ಟೋದೇ ಇಲ್ಲ. ಹಾಗಾಗಿ ಅವರಿಗೆ ಬಸ್ಸೇ ಗತಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರು ಸಂಜೆ ಐದರ ಬಸ್ಸು ತಪ್ಪಿಸಿಕೊಂಡ್ರೆ ಊರು ಸೇರೋದು ಎಷ್ಟೊತ್ತಿಗೆ ಅಂತ ಅವರ ಮನೆಯವರಿಗೇ ಗೊತ್ತು.

ಹುಡುಗೀರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಟಿಕೆಟ್ಟಿನ ಚಿಂತೆ ಕಳೀತು, ಕತ್ತಲಾಗೋ ಚಿಂತೆ ಕಳೀಲಿಲ್ಲ. ಆರು ಗಂಟೆ ದಾಟಿದ್ರೆ ಮನೆಯಿಂದ ಫೋನು: "ಎಲ್ಲಿದ್ದೀಯಾ ಮಗಳೇ, ಬಸ್ಸು ಸಿಕ್ತಾ?" ಈ ಫೋನಿಗೆ ಉತ್ತರ ಕೊಡುತ್ತಾ ಹ್ಯಾಕಥಾನಿನಲ್ಲಿ ಕೋಡು ಬರೆಯೋಕಾಗಲ್ಲ. ಇನ್ನು ಇಪ್ಪತ್ತನಾಲ್ಕು ಗಂಟೆಯ ಹ್ಯಾಕಥಾನ್ ಅಂದ್ರೆ ಹಾಸ್ಟೆಲ್ಲಿನವರ ಹಬ್ಬ ಅಂತಲೇ ಅರ್ಥ.

ಇಲ್ಲಿ ಯಾರೂ ಯಾರನ್ನೂ ಹೊರಗೆ ಹಾಕಿಲ್ಲ, ನಿಜ. ಆದ್ರೆ ಒಂದು ಟೈಮ್‌ಟೇಬಲ್ಲು ಸದ್ದಿಲ್ಲದೆ ಆ ಕೆಲಸ ಮಾಡ್ತಾ ಇದೆ. ನಾಲ್ಕು ವರ್ಷ ಹೀಗೇ ಕಳೆದ್ರೆ ಏನಾಗುತ್ತೆ ಗೊತ್ತಾ? ಒಬ್ಬನ ರೆಸ್ಯೂಮಿನಲ್ಲಿ ಕೋಆರ್ಡಿನೇಟರ್, ವಾಲಂಟಿಯರ್, ರನ್ನರ್ ಅಪ್ ಅಂತ ಅರ್ಧ ಪುಟ. ಅವನಷ್ಟೇ ಜಾಣ ಇನ್ನೊಬ್ಬನ ರೆಸ್ಯೂಮಿನಲ್ಲಿ ಅದೇ ಜಾಗ ಖಾಲಿ. ಪ್ಲೇಸ್‌ಮೆಂಟಿನ ಎಚ್‌ಆರ್ ಆ ಖಾಲಿ ಜಾಗ ನೋಡಿ "ಏನೂ ಮಾಡಿಲ್ವಾ?" ಅಂತ ಕೇಳಿದಾಗ, "ಸರ್, ನಂಗೆ ಬಸ್ಸಿತ್ತು" ಅಂತ ಉತ್ತರ ಕೊಡೋಕಾಗುತ್ತಾ?

ಆಕ್ಟಿವಿಟಿ ಪಾಯಿಂಟ್ಸ್ ವಿಷಯಕ್ಕೆ ಬರೋಣ. ವಿಟಿಯು ಅಡಿಯಲ್ಲಿ ಓದೋ ನಮಗೆ ಎಐಸಿಟಿಇ ನಿಯಮದಂತೆ ಡಿಗ್ರಿ ಮುಗಿಸೋಕೆ 100 ಪಾಯಿಂಟ್ ಬೇಕು, ಲ್ಯಾಟರಲ್ ಎಂಟ್ರಿಯವರಿಗೆ 75. ಇದು ಎಲ್ಲರಿಗೂ ಗೊತ್ತು. ಆ ಪಾಯಿಂಟ್ ಯಾವುದಕ್ಕೆ ಕೊಡ್ತಾರೆ ಅನ್ನೋ ಪಟ್ಟಿ ಎಷ್ಟು ಜನ ಓದಿದ್ದೀರಿ? ಹಳ್ಳಿಯ ಆದಾಯ ಹೆಚ್ಚಿಸೋ ಯೋಜನೆ, ನೀರಿನ ನಿರ್ವಹಣೆ, ಊರ ಶಾಲೆಗೆ ನೆರವು, ವಿದ್ಯುತ್ ಉಳಿತಾಯ: ಹೆಚ್ಚಿನವು ಊರಿನ ಕೆಲಸಗಳೇ. ಈಗ ಏನಾಗ್ತಾ ಇದೆ? ಕೊನೇ ವರ್ಷದಲ್ಲಿ ಒಂದು ಬ್ಯಾನರು, ಒಂದು ಸಸಿ, ಸಸಿ ಸುತ್ತ ಹದಿನೈದು ಜನ, ಒಂದು ಫೋಟೋ. ಊರಿನ ಹೆಸರಲ್ಲಿ ಪಾಯಿಂಟ್ ತಗೊಳ್ಳೋಕೆ ನಾವು ಬ್ಯಾನರು ಹೊತ್ಕೊಂಡು ಊರು ಹುಡುಕ್ತೀವಿ. ದಿನಾ ಅಂಥ ಊರಿಂದಲೇ ಬಂದು ಹೋಗೋ ಹುಡುಗ ನಮ್ಮ ಕಣ್ಣಿಗೆ ಬೀಳಲ್ಲ. ಅವನನ್ನ ಟೀಮಿಗೆ ಸೇರಿಸ್ಕೊಂಡ್ರೆ ಅವನ ಊರಿನ ನೀರಿನ ಟ್ಯಾಂಕು, ಅವನ ಶಾಲೆ, ಅವರಪ್ಪನ ಬೋರ್‌ವೆಲ್ಲು ಎಲ್ಲಾ ಪ್ರಾಜೆಕ್ಟೇ.

ಸಮಯದ ಗೇಟು ದಾಟಿದ ಮೇಲೆ ಇನ್ನೊಂದು ಗೇಟಿದೆ, ಭಾಷೆಯದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ನಮ್ಮ ಪ್ರತಿ ಸೆಕ್ಷನ್ನಿನಲ್ಲೂ ಇದ್ದಾರೆ. ಪೇಪರ್ ಪ್ರೆಸೆಂಟೇಷನ್ ಅಂದ ತಕ್ಷಣ ಅವರು ಹಿಂದಿನ ಬೆಂಚಿಗೆ ಸರೀತಾರೆ. ವಿಷಯ ಗೊತ್ತಿಲ್ಲ ಅಂತಲ್ಲ. ತ್ರೀ ಫೇಸ್ ಮೋಟರಿನ ಉದಾಹರಣೆ ತಗೊಳ್ಳಿ. ಮೂರರಲ್ಲಿ ಒಂದು ಫೇಸು ಹೋದ್ರೆ ಮೋಟರು ನಿಲ್ಲಲ್ಲ, ಉಳಿದ ಎರಡರಿಂದಲೇ ಜಾಸ್ತಿ ಕರೆಂಟು ಎಳೆಯುತ್ತೆ, ವೈಂಡಿಂಗ್ ಬಿಸಿಯಾಗಿ ಸುಟ್ಟು ಹೋಗುತ್ತೆ. ಪುಸ್ತಕದಲ್ಲಿ ಇದಕ್ಕೆ ಸಿಂಗಲ್ ಫೇಸಿಂಗ್ ಅಂತ ಹೆಸರು. ಬೋರ್‌ವೆಲ್ ಇರೋ ಮನೆಯ ಹುಡುಗ ಇದನ್ನ ಪರೀಕ್ಷೆಗೆ ಓದಬೇಕಾಗಿಲ್ಲ. ಸುಟ್ಟ ವೈಂಡಿಂಗಿನ ವಾಸನೆ ಅವನಿಗೆ ಗೊತ್ತು, ರೀವೈಂಡಿಂಗಿಗೆ ಎಷ್ಟು ಬಿಲ್ಲಾಯ್ತು ಅನ್ನೋದೂ ಗೊತ್ತು. ಮೊಬೈಲಿಂದ ಆನ್ ಆಗೋ ಸ್ಟಾರ್ಟರ್ ಯಾಕೆ ಬೇಕು ಅಂತ ಅವನು ಅರ್ಧ ಗಂಟೆ ಮಾತಾಡಬಲ್ಲ, ಕನ್ನಡದಲ್ಲಿ. ಅದೇ ವಿಷಯ ಇಂಗ್ಲಿಷಿನಲ್ಲಿ ಎರಡು ನಿಮಿಷ ಹೇಳು ಅಂದ್ರೆ ಬೆವರ್ತಾನೆ. ನಮ್ಮ ಸ್ಪರ್ಧೆಗಳು ಅಳೀತಾ ಇರೋದು ಇಂಜಿನಿಯರಿಂಗನ್ನೋ, ಇಂಗ್ಲಿಷನ್ನೋ?

"ಟೆಕ್ನಿಕಲ್ ಅಂದ್ರೆ ಇಂಗ್ಲಿಷು, ಕನ್ನಡ ಅಂದ್ರೆ ಡೊಳ್ಳು ಕುಣಿತ" ಅನ್ನೋ ವಿಭಾಗ ನಾವೇ ಮಾಡ್ಕೊಂಡಿದ್ದು. ಸೆಪ್ಟೆಂಬರ್ 15ಕ್ಕೆ ಯಾರ ಫೋಟೋಗೆ ಹಾರ ಹಾಕ್ತೀವೋ ಆ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದವರು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಅದೇ ಅವಧಿಯಲ್ಲಿ, 1915ರಲ್ಲಿ, ಅವರ ಒತ್ತಾಸೆಯಿಂದಲೇ. ಅಣೆಕಟ್ಟಿನ ಗೇಟು ವಿನ್ಯಾಸ ಮಾಡಿದವರಿಗೆ ಭಾಷೆಗೊಂದು ಸಂಸ್ಥೆ ಬೇಕು ಅನ್ನೋದು ಬೇರೆ ಇಲಾಖೆಯ ಕೆಲಸ ಅನ್ನಿಸಲಿಲ್ಲ. ನಾವು ಮಾತ್ರ ಅವರನ್ನ ಸೆಪ್ಟೆಂಬರಿಗೂ ಕನ್ನಡವನ್ನ ನವೆಂಬರಿಗೂ ಹಂಚಿಬಿಟ್ಟಿದ್ದೀವಿ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ. ಇಡೀ ಇಂಜಿನಿಯರಿಂಗನ್ನ ಕನ್ನಡದಲ್ಲಿ ಓದೋಣ ಅಂತ ನಾನು ಹೇಳ್ತಾ ಇಲ್ಲ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಬಿ.ಇ. ಓದೋಕೆ ಅವಕಾಶ ಕೊಟ್ಟಾಗ ನಮ್ಮ ರಾಜ್ಯದ ಕೆಲವು ಕಾಲೇಜುಗಳು ಮುಂದೆ ಬಂದವು, ಸೇರಿದವರು ಮಾತ್ರ ಬೆರಳೆಣಿಕೆಯಷ್ಟು. ಕೆಲಸ ಸಿಗುತ್ತೋ ಇಲ್ವೋ ಅನ್ನೋ ಭಯ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನ ಭಾಷಾಭಿಮಾನದ ಭಾಷಣದಿಂದ ಓಡಿಸೋಕಾಗಲ್ಲ. ಆದ್ರೆ ವರ್ಷಕ್ಕೊಂದು ವೇದಿಕೆಯಲ್ಲಿ, ಮೋಟರನ್ನ ಮೋಟರು ಅಂತಲೇ ಕರ್ಕೊಂಡು, ಸರ್ಕ್ಯೂಟನ್ನ ಸರ್ಕ್ಯೂಟು ಅಂತಲೇ ಕರ್ಕೊಂಡು, ವಿವರಣೆ ಮಾತ್ರ ಕನ್ನಡದಲ್ಲಿ ಕೊಟ್ರೆ ಯಾರ ಕೆಲಸವೂ ಹೋಗಲ್ಲ. ಒಂದು ಸಲ ತನ್ನ ಭಾಷೆಯಲ್ಲಿ ನಿಂತು ಮಾತಾಡಿ ಚಪ್ಪಾಳೆ ಗಿಟ್ಟಿಸಿದವನು ಮುಂದಿನ ಸಲ ಇಂಗ್ಲಿಷಿನಲ್ಲೂ ಧೈರ್ಯ ಮಾಡ್ತಾನೆ.

ಮಾತಾಡೋಕೆ ವಿಷಯ ಎಲ್ಲಿಂದ ತರೋದು ಅಂತ ಕೇಳಬಹುದು. ಗೇಟಿನಿಂದಾಚೆ ಇದೆ. ಹಿರೇಹಳ್ಳಿಯಲ್ಲೇ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರ ಇದೆ. ಬಸ್ಸಿನ ಕಿಟಕಿಯಿಂದ ಬೋರ್ಡು ನೋಡಿದವರು ಬಹಳ ಜನ, ಒಳಗೆ ಹೋದವರು ಕಡಿಮೆ. ಗುಬ್ಬಿ ತಾಲ್ಲೂಕು ಚೇಳೂರಿನ ಒಂದು ತೋಟದಲ್ಲಿ ತಾಮ್ರಗೆಂಪು ತೊಳೆಯ ಹಲಸಿನ ಮರ ಇದೆ ಅಂತ ಗುರುತಿಸಿ, ಅದರ ಕಸಿ ಗಿಡಗಳನ್ನ ಬೆಳೆಸಿ ನಾಡಿಗೆಲ್ಲ ಹಂಚಿದ್ದು ಇದೇ ಕೇಂದ್ರ. ಮರ ನೆಟ್ಟ ರೈತನ ಹೆಸರಿನಿಂದಲೇ ಅದು 'ಸಿದ್ದು' ಹಲಸಾಯ್ತು, ಗಿಡ ಮಾರಿದ ಹಣದಲ್ಲಿ ಆ ಕುಟುಂಬಕ್ಕೂ ಪಾಲು ಹೋಗುತ್ತೆ. ಸಂಶೋಧನೆ, ಹಕ್ಕು, ಮಾರುಕಟ್ಟೆ ಮೂರೂ ಇರೋ ಇಂಥ ಕಥೆ ನಮ್ಮ ಸ್ಟಾರ್ಟಪ್ ವರ್ಕ್‌ಶಾಪುಗಳಿಗೆ ಯಾಕೆ ಬರಬಾರದು?

ಅಷ್ಟೇ ಅಲ್ಲ, ಹಲಸಿನ ಅಂಟು ಕೈಗೆ ಮೆತ್ತದ ಹಾಗೆ ತೊಳೆ ಬಿಡಿಸೋ ಯಂತ್ರ ಮೆಕ್ಯಾನಿಕಲ್‌ನವರಿಗೆ ಚೆನ್ನಾಗಿರೋ ಒಂದು ಸವಾಲು. ಹುಣಸೆಹಣ್ಣಿನ ಬೀಜ ತೆಗೆಯೋದು, ಮಳೆ ಬಂದಾಗ ಕೊಬ್ಬರಿ ಕೆಡದ ಹಾಗೆ ಒಣಗಿಸೋದು, ಮೂರು ಫೇಸು ಬಂದ ತಕ್ಷಣ ರೈತನಿಗೆ ಮೆಸೇಜು ಕಳಿಸೋದು: ಇವೆಲ್ಲ ಕಲ್ಪತರು ನಾಡಿನ ಪ್ರಾಬ್ಲಮ್ ಸ್ಟೇಟ್‌ಮೆಂಟುಗಳು. ನಾವು ಮಾತ್ರ ಪ್ರತಿ ವರ್ಷ ಲೈನ್ ಫಾಲೋವರ್ ರೋಬೋ ಓಡಿಸಿ ಬಹುಮಾನ ಹಂಚ್ತೀವಿ.

ಇನ್ನೂ ದೊಡ್ಡದು ಬೇಕಾ? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ. ಕಲೆಯ ಕಡೆ ನೋಡಿದ್ರೂ ಅದೇ ಗುಬ್ಬಿ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದಿತ್ತು. ಅಷ್ಟು ಭಾರ ತಡೆಯೋ ವೇದಿಕೆ, ಬೆಳಕು, ಊರಿಂದೂರಿಗೆ ಸಾಗಾಟ, ಎಲ್ಲದರ ಹಿಂದೆ ಲೆಕ್ಕಾಚಾರ ಇರಲೇಬೇಕಲ್ವಾ? ಸಿವಿಲ್‌ನವರು ಇದರ ಮೇಲೊಂದು ಸೆಮಿನಾರು ಮಾಡಿದ್ರೆ ಕೇಳೋಕೆ ನಾನೇ ಮೊದಲ ಸಾಲಿನಲ್ಲಿ ಕೂರ್ತೀನಿ.

ಆಕ್ಷೇಪಣೆಗಳು ನನಗೂ ಗೊತ್ತು. ಲ್ಯಾಬು ಮುಗಿಯೋದೇ ನಾಲ್ಕಕ್ಕೆ, ಹಾಗಿರುವಾಗ ಕಾರ್ಯಕ್ರಮ ಸಂಜೆಯೇ ಆಗಬೇಕು. ಕ್ಲಾಸಿನ ಹೊತ್ತಲ್ಲಿ ಇಟ್ರೆ ಶೇ. 85 ಹಾಜರಾತಿಗೆ ಪೆಟ್ಟು, ಸಿಲಬಸ್ಸೂ ಮುಗಿಯಲ್ಲ ಅಂತ ಲೆಕ್ಚರರುಗಳು ಹೇಳೋದ್ರಲ್ಲಿ ನ್ಯಾಯ ಇದೆ. ಬೇರೆ ರಾಜ್ಯದ ಗೆಳೆಯರು ಕನ್ನಡದ ವೇದಿಕೆಯಲ್ಲಿ ಏನು ಮಾಡಬೇಕು ಅನ್ನೋದೂ ಸರಿಯಾದ ಪ್ರಶ್ನೆ. ಹಾಗಾಗಿ ಎಲ್ಲವನ್ನೂ ಬದಲಿಸೋಣ ಅಂತಿಲ್ಲ. ನಾಲ್ಕೇ ನಾಲ್ಕು ಕೋರಿಕೆ.

ಒಂದು, ತಿಂಗಳಲ್ಲಿ ಒಂದು ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಎಲ್ಲ ಕ್ಲಬ್ಬುಗಳಿಗೂ ಮೀಸಲಿಡಲಿ. ಹಾಸ್ಟೆಲ್ಲಿನವರ ಒಂದು ಬೆಳಗಿನ ನಿದ್ದೆ ಹೋಗುತ್ತೆ, ಒಪ್ಪಿದೆ. ಗುಬ್ಬಿ, ಕುಣಿಗಲ್ಲಿನವರು ಸಂಜೆಯೊಳಗೆ ಮನೆ ಸೇರ್ತಾರೆ.

ಎರಡು, ಟೆಕ್ ಫೆಸ್ಟಿನಲ್ಲಿ ಒಂದು ಸ್ಪರ್ಧೆ ಕನ್ನಡದಲ್ಲಿರಲಿ, ವಿಷಯ ಸುತ್ತಲಿನ ಊರುಗಳದ್ದಿರಲಿ. ಕನ್ನಡ ಬರದ ಗೆಳೆಯರು ಮಾಡೆಲ್ ಕಟ್ಟಲಿ, ಬರುವವರು ವಿವರಿಸಲಿ. ಒಂದೇ ಟೀಮಿನಲ್ಲಿ ಇಬ್ಬರಿಗೂ ಜಾಗ ಇದೆ. ತೀರ್ಪುಗಾರರಲ್ಲಿ ಒಬ್ಬ ರೈತನೋ, ಕೈಗಾರಿಕಾ ಪ್ರದೇಶದ ಒಬ್ಬ ಅನುಭವಿ ಫಿಟ್ಟರೋ ಕೂರಲಿ. "ಇದು ನಡೆಯಲ್ಲ ಕಣಪ್ಪ" ಅಂತ ಅವರು ಒಂದೇ ಮಾತಲ್ಲಿ ಹೇಳಿಬಿಡ್ತಾರೆ, ಅದಕ್ಕಿಂತ ಒಳ್ಳೆ ಫೀಡ್‌ಬ್ಯಾಕ್ ಸಿಗಲ್ಲ.

ಮೂರು, ಸುದ್ದಿ ಮುಂಚೆ ಬರಲಿ. ರಾತ್ರಿ ಹತ್ತಕ್ಕೆ ಗ್ರೂಪಿಗೆ ಬಿದ್ದ ಪೋಸ್ಟರು, ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತೋನಿಗೆ ಉಪಯೋಗ ಇಲ್ಲ. ಕನಿಷ್ಠ ಒಂದು ವಾರ ಮೊದಲು, ಶುರುವಾಗೋ ಹೊತ್ತಿನ ಜೊತೆ ಮುಗಿಯೋ ಹೊತ್ತನ್ನೂ ಹಾಕಿ.

ನಾಲ್ಕು, ಮುಗಿದ ಮೇಲೆ ಬರೆಯೋ ವರದಿಯಲ್ಲಿ ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಅನ್ನೋದು ಎರಡು ಸಾಲಿಗೆ ಮುಗೀಲಿ. ಅತಿಥಿಗಳು ಏನು ಹೇಳಿದರು, ಯಾವ ಪ್ರಶ್ನೆ ಬಂತು, ಗೆದ್ದ ಮಾಡೆಲ್ ಹೇಗೆ ಕೆಲಸ ಮಾಡುತ್ತೆ ಅಂತ ಉಳಿದ ಸಾಲುಗಳಲ್ಲಿ ಬರಲಿ. ಬರೋಕಾಗದವನು ಬಸ್ಸಿನಲ್ಲಿ ಕೂತು ಓದಿದ್ರೂ ಅವನಿಗೆ ಕಾರ್ಯಕ್ರಮದ ಅರ್ಧ ದಕ್ಕಬೇಕು. ಈ ಕೆಲಸ ಮಾತ್ರ ಯಾರ ಅನುಮತಿಗೂ ಕಾಯಬೇಕಾಗಿಲ್ಲ. ನಮ್ಮ ಪತ್ರಿಕೆಯೇ ಇದೆ, ಬರೆಯೋ ಕೈಗಳೂ ಇವೆ.

ರಾಜ್ಯೋತ್ಸವದ ತಯಾರಿಗೆ ಸಂಘದ ಸಭೆ ಸೇರಿದಾಗ ಈ ನಾಲ್ಕನ್ನೂ ಮುಂದಿಡ್ತೀನಿ. ಸಭೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಟ್ಕೊಳ್ಳೋಣ ಅಂತ ಈಗಲೇ ಕೇಳ್ಕೊಳ್ತಾ ಇದ್ದೀನಿ, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ದಿನಾ ಬಸ್ಸಿಗೆ ಓಡೋ ಗೆಳೆಯ ಗೆಳತಿಯರೇ, ನಿಮ್ಮ ಬಸ್ಸು ಎಷ್ಟೊತ್ತಿಗೆ, ಯಾವ ಕಾರ್ಯಕ್ರಮ ತಪ್ಪಿಹೋಯ್ತು, ನಿಮ್ಮೂರಿನಲ್ಲಿ ಯಾವ ಸಮಸ್ಯೆಗೆ ಯಂತ್ರ ಬೇಕು ಅಂತ ನಾಲ್ಕು ಸಾಲು ಬರೆದು ಸಂಘಕ್ಕೆ ಕಳಿಸಿ. ಒಪ್ಪದೇ ಇರೋರೂ ಬರೀರಿ. ಬೈಯೋದಾದ್ರೂ ಕನ್ನಡದಲ್ಲೇ ಬೈಯಿರಿ, ಮುಂದಿನ ಸಂಚಿಕೆಗೆ ಲೇಖನ ಆಗುತ್ತೆ.