ರವದಿಯ ಬೆಂಕಿ ಮತ್ತು ಶ್ರಾವಕನ ಸಮಾಧಾನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಬಯಲಿನಲ್ಲಿ ಆಷಾಢ-ಶ್ರಾವಣದ ಪಡುವಣ ಗಾಳಿಯು ಹೊಗೆಯನ್ನು ಚದುರಿಸುತ್ತದೆ. ಮಳೆಯು ಉಳಿದುದನ್ನು ತೊಳೆಯುತ್ತದೆ. ದೀಪಾವಳಿಯ ಸುಮಾರಿಗೆ ಗಾಳಿ ಮಂದವಾಗುತ್ತದೆ. ಕಬ್ಬು ನುರಿಸುವ ಹಂಗಾಮು ಆರಂಭವಾಗುವುದೂ ಆಗಲೇ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು ತಂಪು ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ನಿಲ್ಲುವುದರಿಂದ, ಹೊಗೆಯು ಮೇಲೇರದೆ ಬೆಳಗಿನವರೆಗೂ ಊರಿನಲ್ಲಿಯೇ ತಂಗುತ್ತದೆ.

ಎಲ್ಲರ ಬೆರಳೂ ಕಾರ್ಖಾನೆಯ ಚಿಮಣಿಯತ್ತ. ಆ ದೂರು ಸುಳ್ಳಲ್ಲ. ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರಿನಿಂದ ಹಾರುಬೂದಿ ಏಳುತ್ತದೆ. ಆದರೆ ಅದಕ್ಕೆ ಘನಮೀಟರಿಗೆ 150 ಮಿಲಿಗ್ರಾಂ ಕಣಗಳ ಮಿತಿಯನ್ನು ಕೇಂದ್ರ ಸರ್ಕಾರವು 2016ರಲ್ಲಿ ವಿಧಿಸಿದೆ. ಲೆಕ್ಕ ಕೇಳಲು ಮಂಡಳಿಯೂ ಇದೆ. ಹೊಲದಲ್ಲಿ ಸುಡುವ ರವದಿಗೆ ಚಿಮಣಿಯೂ ಇಲ್ಲ, ಲೆಕ್ಕವೂ ಇಲ್ಲ. ಅದರ ಹೊಗೆ ಮನುಷ್ಯನ ಮೂಗಿನ ಮಟ್ಟದಲ್ಲಿಯೇ ಹರಿಯುತ್ತದೆ.

ನೀರನ್ನು ಗಾಳಿಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳ ಹೊಲಗಳೂ ಇದರಲ್ಲಿವೆ. ಕೇಳಿದರೆ ಸಿದ್ಧ ಉತ್ತರ: ಇದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಕ್ಷಮ್ಯ! ಎಂತಹ ಅನುಕೂಲದ ಶಾಸ್ತ್ರಜ್ಞಾನ! ಉದ್ಯೋಗಕ್ಕೆ ಅನಿವಾರ್ಯವಾದ ಹಿಂಸೆಗಷ್ಟೇ ಆ ವಿನಾಯಿತಿ. ವ್ಯರ್ಥವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಣಕುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಇಲ್ಲಿ ಸಾಯುವುದು ವಾಯುಕಾಯಿಕ, ಅಗ್ನಿಕಾಯಿಕ ಜೀವಗಳಷ್ಟೇ ಅಲ್ಲ. ಇರುವೆ, ಹುಳು, ಹಾವು, ಇಲಿ, ಗೂಡಿನ ಮರಿಗಳೆಲ್ಲ ತ್ರಸಜೀವಗಳು. ಅಣುವ್ರತವು ರಕ್ಷಿಸಹೇಳಿದ್ದು ಇವುಗಳನ್ನೇ.

ರವದಿ ಸುಡದಿದ್ದರೆ ಕೂಳೆ ಬೆಳೆ ಚಿಗುರದೆಂಬ ಮಾತೂ ನಿಲ್ಲುವುದಿಲ್ಲ. ಬುಡ ಬಿಡಿಸಿ, ಸಾಲು ಬಿಟ್ಟು ಸಾಲಿಗೆ ಹರಡಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಸುಟ್ಟರೆ ಅದರಲ್ಲಿಯ ಸಾರಜನಕದ ಹೆಚ್ಚಿನಂಶ ಹೊಗೆಯ ಪಾಲು. ಎಕರೆಗೆ 3-4 ಟನ್ ರವದಿಯನ್ನು ಸುಟ್ಟು, ಮರುವಾರ ಯೂರಿಯಾ ಚೀಲಕ್ಕೆ ಅಂಗಡಿಗೆ ಬರುವವನ ಖಾತೆಯನ್ನು ಯಾವ ವರ್ತಕನೂ ಓದಬಲ್ಲ. ಆಳಿನ ಕೂಲಿ ಹೆಚ್ಚುವುದು ನಿಜ, ಸಣ್ಣ ರೈತನಿಗೆ ಅದು ಭಾರವೂ ಹೌದು. ಹತ್ತಾರು ಎಕರೆಯ ಒಡೆಯನಿಗೆ ಈ ನೆಪವಿಲ್ಲ.

ಇನ್ನು ಕೆಲವರು, ಬೆಂಕಿ ಹಚ್ಚಿದವನು ಪಾಲಿಗೆ ಮಾಡುವವನೆಂದು ಕೈ ತೊಳೆದುಕೊಳ್ಳುತ್ತಾರೆ. ಕೃತ, ಕಾರಿತ, ಅನುಮೋದನಗಳನ್ನು ಪಾಠಶಾಲೆಯಲ್ಲಿಯೇ ಕಲಿತವರಿವರು. ಹೊಲವನ್ನು ಪಾಲಿಗೆ ಕೊಡುವಾಗ ಕಾಗದದಲ್ಲಿ ಹತ್ತು ಷರತ್ತು ಬರೆಸುವವರಿಗೆ, ರವದಿ ಸುಡಬಾರದೆಂಬ ಹನ್ನೊಂದನೆಯದನ್ನು ಬರೆಸಲು ಅಡ್ಡಿಯೇನು?